ಎಂಟನೆಯ ಐರಿಷ್ ಕವಿ

ಎಲ್ಲ ಶುರುವಾದದ್ದು ಲಿಂಬೆಹಣ್ಣಿನಿಂದ. ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ನಮ್ಮ ಮನೆಗೂ ಪಕ್ಕದ ನೋರಾ ಅವರ ಮನೆಗೂ ನಡುವೆ ಎದೆಮಟ್ಟದ ಮರದ ಬೇಲಿಯಿದೆ. ಆ ಬೇಲಿಗೆ ಕಿಂಚಿತ್ತೂ ಮರ್ಯಾದೆ ಕೊಡದ ಲಿಂಬೆಮರವೊಂದು ಅವರ ಹಿತ್ತಲಿನಲ್ಲಿ ಬೇರೂರಿಕೊಂಡು, ತನ್ನ ಸಂಸಾರದ ಅರ್ಧವನ್ನು ನಮ್ಮ ಅಂಗಳದ ಮೇಲೆ ಚಾಚಿದೆ. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೆ ನೆಲಕ್ಕೆ ಬಿದ್ದ ಲಿಂಬೆ ಕಂಡರೆ ಉಪ್ಪಿನಕಾಯಿಯ ಭರಣಿಯೇ ಕಣ್ಣೆದುರು ಬರುತ್ತದೆ. ಹೀಗೆ ಅವರ ಲಿಂಬೆ ನಮ್ಮ ಅಡುಗೆಮನೆಯಲ್ಲಿ ಉಪ್ಪಿನಕಾಯಿಯಾಗಿ, ಅದರಲ್ಲಿ ಅರ್ಧ ಮತ್ತೆ ಬೇಲಿ ದಾಟಿ ಅವರ ಮನೆ ಸೇರಿ, ಅದನ್ನವರು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಹಚ್ಚಿಕೊಂಡು ತಿಂದು, ಆರು ವರ್ಷಗಳಲ್ಲಿ ನಮ್ಮ ಸ್ನೇಹ ಗಟ್ಟಿಯಾಯಿತು. ಇಂಥ ಸ್ನೇಹದಲ್ಲಿ ಇಲ್ಲವೆನ್ನುವುದು ಬಹಳ ಕಷ್ಟ. ಆದ್ದರಿಂದ ಒಂದು ಶುಕ್ರವಾರ ಸಂಜೆ ನೋರಾ ಬೇಲಿಯ ಮೇಲೆ ಮೊಣಕೈ ಊರಿ, ನಾಳೆಯಿಂದ ನೀನು ಐರಿಷ್ ಲೇಖಕಿಯಾಗಬೇಕು ಎಂದಾಗ ನಾನು ಹೂಂ ಎಂದುಬಿಟ್ಟೆ.

ಗಾಬರಿಯಾಗಬೇಡಿ, ವಿವರಿಸುತ್ತೇನೆ. ನೋರಾ ಐರ್ಲೆಂಡಿನ ಪಶ್ಚಿಮದ ಕ್ಲೇರ್ ಎಂಬ ಕಡಲ ಸೀಮೆಯವರು. ನಲವತ್ತು ವರ್ಷಗಳ ಹಿಂದೆ ಸೂಲಗಿತ್ತಿ ನರ್ಸಾಗಿ ಈ ಊರಿಗೆ ಬಂದು, ಅರ್ಧ ಸಬರ್ಬಿನ ಮಕ್ಕಳನ್ನು ಕಾಲು ಹಿಡಿದು ಲೋಕಕ್ಕೆ ಎಳೆದು, ನಿವೃತ್ತರಾದ ಮೇಲೆ ಅದೇ ಕೈಯಿಂದ ಕವಿಗಳನ್ನು ಎಳೆಯುತ್ತಿದ್ದರು. ಪ್ರತಿ ಶನಿವಾರ ಬೆಳಿಗ್ಗೆ ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಐರಿಷ್ ಲೇಖಕರಿಗೆಂದು ಅವರೊಂದು ಕಾವ್ಯ ಕಮ್ಮಟ ನಡೆಸುತ್ತಿದ್ದರು. ಎಂಟು ಜನರಿದ್ದರೆ ಮಾತ್ರ ಕೋಣೆ ಎಂಬುದು ಲೈಬ್ರರಿಯ ನಿಯಮ. ಆ ಎಂಟರಲ್ಲೊಬ್ಬಳು ಕೆಲಸ ಸಿಕ್ಕಿತೆಂದು ಪರ್ತ್‌ಗೆ ಹೊರಟುಹೋಗಿದ್ದಳು. ಹಾಜರಿ ಪುಸ್ತಕಕ್ಕೆ ಬೇಕಾದದ್ದು ತಲೆ, ಅದರೊಳಗೆ ಏನಿದೆಯೆಂದು ಯಾರೂ ಕೇಳುವುದಿಲ್ಲ ಎಂಬುದು ನೋರಾ ಅವರ ವಾದ. ಅಲ್ಲದೆ ನಾನು ಕೆಥೊಲಿಕ್, ದಿನಕ್ಕೆ ಆರು ಲೋಟ ಚಹಾ ಕುಡಿಯುವವಳು, ತೀರಿಕೊಂಡವರ ಜೊತೆ ಗಟ್ಟಿಯಾಗಿ ಮಾತಾಡುವವಳು, ಎಲ್ಲದಕ್ಕೂ ಹವಾಮಾನವನ್ನು ಬಯ್ಯುವವಳು. ಐರಿಷ್ ಆಗಲು ಇನ್ನೇನು ಬೇಕೆಂದು ಅವರು ನನ್ನನ್ನೇ ಕೇಳಿದರು.

ಇಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್ ಸಿಗಲು ನಮಗೆ ಏಳು ವರ್ಷ ಹಿಡಿದಿತ್ತು, ಐರಿಷ್ ಆಗಲು ಬೇಲಿಯ ಹತ್ತಿರ ಏಳು ನಿಮಿಷ ಸಾಕಾಯಿತೇ ಎಂದು ನನ್ನ ಗಂಡ ರಿಚರ್ಡ್ ಕೊಂಕಣಿಯಲ್ಲಿ ಗೊಣಗಿದರು. ನನಗೂ ಒಳಗೊಳಗೆ ಅಳುಕಿತ್ತು. ನಾನು ಆಸ್ಪತ್ರೆಯ ನರ್ಸು. ಮನೆಯ ಮಾತು ಕೊಂಕಣಿ, ವಾರ್ಡಿನ ಮಾತು ಇಂಗ್ಲಿಷ್, ಮಗಳಿಗೆ ನಾನು ಯಾವುದರಲ್ಲಿ ಕೇಳಿದರೂ ಬರುವ ಉತ್ತರ ಇಂಗ್ಲಿಷ್. ಕವನ ಮಾತ್ರ, ಶಾಲೆಯಲ್ಲಿ ಕಲಿಸಿದ ಟೀಚರ ಪುಣ್ಯದಿಂದ, ಕನ್ನಡದಲ್ಲೇ ಬರುತ್ತದೆ. ಹೀಗಿರುವಾಗ ನಾನು ಯಾವ ಸೀಮೆಯ ಲೇಖಕಿಯೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ನೋರಾ ಅವರನ್ನು ಕೇಳಿದರೆ ಅವರ ಕಥೆಯೂ ಹಾಗೆಯೇ ಇತ್ತು. ಅಜ್ಜಿ ಮಾತಾಡುತ್ತಿದ್ದದ್ದು ಅಪ್ಪಟ ಐರಿಷ್ ಭಾಷೆ, ಇವರಿಗೆ ಅದರಲ್ಲಿ ಬರುವುದು ಎರಡು ಪ್ರಾರ್ಥನೆ ಮತ್ತು ಒಂದಿಷ್ಟು ಬೈಗುಳ. ಕವನವೆಲ್ಲ ಇಂಗ್ಲಿಷ್. ಬೇಲಿಯ ಎರಡು ಕಡೆಯವರೂ ಇಂಥವರೇ ಎಂದು ತಿಳಿದ ಮೇಲೆ ನನ್ನ ಅಳುಕು ಅರ್ಧ ಕಡಿಮೆಯಾಯಿತು.

ಕಮ್ಮಟ ಶುರುವಾಗುತ್ತಿದ್ದದ್ದು ಅವಕಾಶಗಳ ಪಟ್ಟಿಯಿಂದ. ಎಲ್ಲೆಲ್ಲಿ ಸ್ಪರ್ಧೆಯಿದೆ, ಯಾವ ಪತ್ರಿಕೆ ಕವನ ಕೇಳಿದೆ, ಯಾವ ಕಡಲತೀರದ ದೀಪಸ್ತಂಭದಲ್ಲಿ ಎರಡು ವಾರ ಒಬ್ಬರೇ ಕೂತು ಬರೆಯಬಹುದು ಎಂಬ ಆ ಪಟ್ಟಿಯನ್ನು ವಾರಕ್ಕೊಬ್ಬರು ಓದಬೇಕು. ನೀವು ಹಳೆಯ ಪತ್ರಿಕೆಗಳ ವಧೂವರರ ಅಂಕಣ ಓದಿದ್ದೀರಲ್ಲ, ಇದೂ ಅದೇ ಧಾಟಿ. ವಯಸ್ಸು ಮೂವತ್ತರೊಳಗಿರಬೇಕು, ಇಂಥ ಜಿಲ್ಲೆಯಲ್ಲೇ ಹುಟ್ಟಿರಬೇಕು, ಹಿಂದೆ ಪುಸ್ತಕವಾಗಿರಬಾರದು, ಫೋಟೋ ಲಗತ್ತಿಸಬೇಕು. ಅಲ್ಲಿ ಕೂತವರಲ್ಲಿ ನಾನೇ ಎಲ್ಲರಿಗಿಂತ ಕಿರಿಯಳು, ನನಗೆ ಐವತ್ತೆರಡು. ಆದರೂ ಎಲ್ಲರೂ ಪೆನ್ಸಿಲು ಹಿಡಿದು ಶ್ರದ್ಧೆಯಿಂದ ಗುರುತು ಹಾಕಿಕೊಳ್ಳುತ್ತಿದ್ದರು. ನೋರಾ ಎಲ್ಲರ ಬೆನ್ನು ಬಿದ್ದು ಅರ್ಜಿ ಹಾಕಿಸುತ್ತಿದ್ದರು. ತಾವು ಮಾತ್ರ ಒಂದಕ್ಕೂ ಹಾಕುತ್ತಿರಲಿಲ್ಲ.

ಪಟ್ಟಿಯ ನಂತರ ಕವನ. ಒಬ್ಬರಿಗೆ ಮೂರೇ ನಿಮಿಷ. ಪ್ಲಂಬರ್ ಡೆಕ್ಲನ್ ಎಂಬವರು ಫೋನು ಹಿಡಿದು ಸಮಯ ನೋಡುತ್ತಿದ್ದರು. ಓದಿ ಮುಗಿಸಿದ ಕವಿ ಬಾಯಿ ಮುಚ್ಚಿ ಕೂರಬೇಕು, ಉಳಿದವರು ಚರ್ಚಿಸಬೇಕು. ನನ್ನ ಸರದಿ ಬಂದಾಗ ನಾನು, ನಮ್ಮ ಯಾವುದೇ ಕವಿಗೋಷ್ಠಿಯಲ್ಲಿ ಯಾರು ಬೇಕಾದರೂ ಮಾಡುವಂತೆ, ಈ ಕವನ ಹುಟ್ಟಿದ ಸಂದರ್ಭವನ್ನು ಮೊದಲು ಸವಿಸ್ತಾರವಾಗಿ ಹೇಳಿದೆ. ಆಮೇಲೆ ಕಷ್ಟಪಟ್ಟು ಇಂಗ್ಲಿಷಿಗೆ ತಂದಿದ್ದ ಸಾಲುಗಳನ್ನು ಒಂದೊಂದಾಗಿ ಎರಡೆರಡು ಸಲ ಓದತೊಡಗಿದೆ. ಹಾಗಲ್ಲದೆ ಕವನ ಓದುವುದು ಹೇಗೆ? ಹತ್ತನೇ ತರಗತಿಯಿಂದ ನಾನು ಕಂಡ ಕವಿಗಳೆಲ್ಲ ಹಾಗೆಯೇ ಓದಿದ್ದು. ಮೊದಲ ಸಲ ಓದುವಾಗ ಮೈಕು ಕಿರುಚುತ್ತದೆ, ತಡವಾಗಿ ಬಂದವರು ಕುರ್ಚಿ ಎಳೆಯುತ್ತಾರೆ, ಹಿಂದಿನ ಸಾಲಿಗೆ ಚಹಾ ಬಂದಿರುತ್ತದೆ. ಎರಡನೆಯ ಸಲಕ್ಕಷ್ಟೇ ಕವನ ಸಭೆಗೆ ತಲುಪುವುದು. ಒಂದೇ ಸಲ ಓದಿ ಕೂತರೆ ಕವಿಗೆ ಏನೋ ಮೈಗೆ ಸರಿಯಿಲ್ಲ ಅಂದುಕೊಳ್ಳುತ್ತಾರೆ.

ಮೂರನೆಯ ಸಾಲಿಗೇ ಡೆಕ್ಲನ್ನರ ಫೋನು ಗಂಟೆ ಬಾರಿಸಿತು. ಆದರೆ ಯಾರೂ ನನ್ನನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಇಪ್ಪತ್ತು ನಿಮಿಷ ಚರ್ಚೆ ನಡೆಯಿತು. ಈ ಪುನರಾವರ್ತನೆ ಜಪಸರದ ಪ್ರಾರ್ಥನೆಯಿಂದ ಬಂದಿರಬಹುದೆಂದು ಒಬ್ಬರು, ಅಲೆಯಿಂದಿರಬಹುದೆಂದು ಇನ್ನೊಬ್ಬರು, ಸಾಲು ಎರಡನೆಯ ಸಲ ಬಂದಾಗ ಬೇರೆಯೇ ಸಾಲಾಗಿ ಕೇಳಿತೆಂದು ಡೆಕ್ಲನ್. ನಿಯಮದ ಪ್ರಕಾರ ಬಾಯಿ ಮುಚ್ಚಿ ಕೂತಿದ್ದ ನನಗೆ ಅದು ಬರೀ ಅಭ್ಯಾಸಬಲವೆಂದು ಹೇಳುವ ಅವಕಾಶವೇ ಇರಲಿಲ್ಲ. ಚಹಾದ ಹೊತ್ತಿಗೆ ನಿಜ ಹೇಳಿದೆ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮುಂದಿನ ವಾರ ಇಬ್ಬರು ತಮ್ಮ ಕವನವನ್ನು ಎರಡೆರಡು ಸಲ ಓದಿದರು.

ಚಳಿಗಾಲದ ನಡುವೆ ಒಂದು ದಿನ ಪಟ್ಟಿಯಲ್ಲಿ ದೊಡ್ಡದೊಂದು ಬಂತು. ಸಿಡ್ನಿಯ ಸಾಹಿತ್ಯೋತ್ಸವವೊಂದರಲ್ಲಿ ಆಸ್ಟ್ರೇಲಿಯದಲ್ಲಿ ನೆಲೆಸಿದ ಐರಿಷ್ ಲೇಖಕರಿಗೆಂದೇ ಒಂದು ಮಧ್ಯಾಹ್ನ. ಹುಟ್ಟು ಐರ್ಲೆಂಡಿನಲ್ಲಾಗಿರಬೇಕು, ಕವಿ ತಾನೇ ವೇದಿಕೆಯ ಮೇಲೆ ಓದಬೇಕು, ವಯಸ್ಸಿನ ಮಿತಿ ಇಲ್ಲ. ಎಲ್ಲರೂ ಒಟ್ಟಿಗೆ ನೋರಾ ಅವರ ಕಡೆ ತಿರುಗಿದರು. ಅವರು ಚಹಾ ಬಗ್ಗಿಸುತ್ತಿದ್ದರು, ಮತ್ತು ಚಹಾ ಕಪ್ಪಿನ ಪಕ್ಕಕ್ಕೆ, ಮೇಜಿನ ಮೇಲೆ ಬೀಳುತ್ತಿತ್ತು.

ನರ್ಸಿನ ಕಣ್ಣಿಗೆ ಅಷ್ಟು ಸಾಕು. ಪಟ್ಟಿಯನ್ನು ಯಾವಾಗಲೂ ಬೇರೆಯವರಿಂದ ಓದಿಸುತ್ತಿದ್ದದ್ದು ಏಕೆಂದು ಆಗ ಹೊಳೆಯಿತು. ಸಂಜೆ ಬೇಲಿಯ ಹತ್ತಿರ ಕೇಳಿದೆ. ಎರಡು ವರ್ಷದಿಂದ ನೋಟದ ನಡುಭಾಗ ಹೋಗುತ್ತಿದೆ, ಅಂಚು ಮಾತ್ರ ಉಳಿದಿದೆ, ನಿನ್ನ ಎರಡು ಕಿವಿ ಚೆನ್ನಾಗಿ ಕಾಣುತ್ತವೆ, ಮುಖ ಇಲ್ಲ ಎಂದರು. ಆಮೇಲೆ ಒಳಗೆ ಹೋಗಿ ಡ್ರಾಯರಿನಿಂದ ಒಂದು ಹಾಳೆ ತಂದು ಕೊಟ್ಟರು. ಅದು ಅವರ ತಂಗಿ ಬ್ರೈಡಿಯ ಮೇಲಿನ ಕವನ. ಬ್ರೈಡಿ ಪ್ರತಿ ಬೇಸಿಗೆ ಕಾಗದ ಬರೆದು ಅಕ್ಕನನ್ನು ಕರೆಯುತ್ತಿದ್ದಳಂತೆ. ಇವರು ಪ್ರತಿ ಸಲ ಮುಂದಿನ ವರ್ಷ ಎನ್ನುತ್ತಿದ್ದರಂತೆ. ಒಂದು ವರ್ಷ ಕಾಗದ ಬರಲಿಲ್ಲ, ಅವಳು ತೀರಿಕೊಂಡ ಸುದ್ದಿ ಬಂತು. ಇದನ್ನು ಯಾರಿಗೂ ತೋರಿಸಿದವರಲ್ಲ. ಒಂದು ಸಲ ನಮ್ಮ ಊರಿನವರ ಎದುರು ನಿಂತು ಹೇಳಿಬಿಡಬೇಕೆಂಬ ಆಸೆ, ಇನ್ನೊಂದು ವರ್ಷ ತಡೆದರೆ ವೇದಿಕೆಯೇ ಕಾಣದು ಎಂದರು.

ಅರ್ಜಿ ನಾನೇ ತುಂಬಿದೆ. ವಿಶೇಷ ನೆರವು ಬೇಕೇ ಎಂಬ ಕಡೆ ಬೇಡವೆಂದೇ ಬರೆಸಿದರು. ದೊಡ್ಡಕ್ಷರದ ಪ್ರತಿ ಬೇಡ, ನಾನು ಪಕ್ಕದಲ್ಲಿ ನಿಲ್ಲುವುದೂ ಬೇಡ. ನಾನು ವಾದಿಸಲು ಹೋದಾಗ ಒಂದೇ ಮಾತು ಹೇಳಿದರು.

"ಪಾಪ ಅಂತ ಹೊಡೆಯೋ ಚಪ್ಪಾಳೆ ನನಗೆ ಬೇಡ. ಬ್ರೈಡಿಗಂತೂ ಖಂಡಿತ ಬೇಡ."

ಆರು ವಾರ ಕಳೆದು ಆಯ್ಕೆಯಾದ ಪತ್ರ ಬಂತು. ಈಗ ಬಾಯಿಪಾಠ ಆಗಬೇಕಿತ್ತು. ನನ್ನ ರಜಾದಿನಗಳಲ್ಲಿ ಅವರು ನಮ್ಮ ಅಡುಗೆಮನೆಗೆ ಬಂದು, ನಾನು ನೀರುದೋಸೆ ಹುಯ್ಯುತ್ತಿದ್ದರೆ ಕವನ ಒಪ್ಪಿಸುತ್ತಿದ್ದರು. ಎಪ್ಪತ್ತಾರು ವಯಸ್ಸಿನ ನೆನಪು ಹಟಮಾರಿ. ಒಂದು ಸಾಲು ಹೇಳಿದರೆ ಮುಂದಿನದು ಮಾಯ, ಅದು ಸಿಕ್ಕಿದರೆ ಹಿಂದಿನದು ಮಾಯ. ಮೂರನೆಯ ವಾರ ಅವರು ಸೋತು, ಹೋಗುವುದೇ ಬೇಡ, ಕಾಗದ ಬರೆದುಬಿಡು ಎಂದರು. ನನಗೆ ಸಿಟ್ಟು ಬಂತು. ಕಾವಲಿಯ ಮೇಲಿದ್ದ ದೋಸೆಯನ್ನು ಹಾಗೇ ಬಿಟ್ಟು, ಎರಡೆರಡು ಸಲ ಹೇಳಿ ನೋಡಿ ಎಂದೆ. ನಾಲಗೆ ಎರಡನೆಯ ಸಲ ಹೇಳುತ್ತಿರುವಾಗ ತಲೆ ಹೋಗಿ ಮುಂದಿನ ಸಾಲನ್ನು ಹುಡುಕಿಕೊಂಡು ಬರಲಿ.

ದೋಸೆ ಸೀದುಹೋಯಿತು, ಕವನ ಕೊನೆಯವರೆಗೂ ಬಂತು. ಆಗ ನನಗೊಂದು ಸಂಶಯ ಹುಟ್ಟಿತು, ನಿಮಗೂ ಹೇಳಿಬಿಡುತ್ತೇನೆ. ನಮ್ಮ ಕವಿಗಳು ಎರಡೆರಡು ಸಲ ಓದುವುದು ನಮಗಾಗಿ ಎಂದು ನಾವು ನಂಬಿದ್ದೇವೆ. ಅವರಲ್ಲಿ ಎಷ್ಟು ಜನ ಮುಂದಿನ ಸಾಲಿಗಾಗಿ ಹೀಗೆ ಒಳಗೊಳಗೆ ತಡಕಾಡುತ್ತಿದ್ದರೋ ಯಾರು ಬಲ್ಲರು? ನಾನು ನರ್ಸಾದ ಮೊದಲ ವರ್ಷ ಡಾಕ್ಟರು ಹೇಳಿದ ಪ್ರತಿ ಸೂಚನೆಯನ್ನೂ ತಿರುಗಿ ಹೇಳುತ್ತಿದ್ದೆ. ಬಹಳ ಜಾಗರೂಕ ಹುಡುಗಿ ಎಂದು ಹೆಸರು ಬಂತು, ಒಳಗೆ ಇದ್ದದ್ದು ಭಯ. ಮನುಷ್ಯರು ಒಂದೇ ಮಾತನ್ನು ಮತ್ತೆ ಆಡುವಾಗ ಬೇರೇನೋ ಹುಡುಕುತ್ತಿರುತ್ತಾರೆ ಎಂದು ಈಗ ನಾನು ಸ್ವಲ್ಪ ತಾಳ್ಮೆಯಿಂದ ಕೇಳುತ್ತೇನೆ. ರಿಚರ್ಡ್ ಹೇಳಿದ್ದನ್ನೇ ಹೇಳಿದಾಗ ಮಾತ್ರ ಈ ತತ್ವ ಇನ್ನೂ ಕೈಕೊಡುತ್ತದೆ.

ಸಿಡ್ನಿಯಲ್ಲಿ ನಾವಿಬ್ಬರೂ ಇಳಿದುಕೊಂಡದ್ದು ಗಿರಾವೀನ್‌ನಲ್ಲಿರುವ ಶೈಲಜಾ ಮನೆಯಲ್ಲಿ. ಮೈಸೂರಿನವಳು, ಮೊದಲು ಮೆಲ್ಬರ್ನಿನಲ್ಲಿದ್ದಾಗ ಕನ್ನಡ ಸಂಘದ ನಾಟಕಗಳಲ್ಲಿ ನನ್ನ ಜೊತೆಗಾತಿ. ನಮ್ಮಿಬ್ಬರನ್ನೂ ಬಾಗಿಲಲ್ಲಿ ಕಂಡವಳೇ ತಕರಾರು ತೆಗೆದಳು.

"ಏನ್ ಲವೀನಾ ಅವ್ರೇ, ಸಂಘದ ಕವಿಗೋಷ್ಠಿಗೆ ಕರೆದ್ರೆ ರೋಸ್ಟರ್ ಇದೆ, ಲೀವ್ ಸಿಗಲ್ಲ ಅಂತೀರ. ಐರಿಷ್‌ನವ್ರು ಕರೆದ್ರೆ ಫ್ಲೈಟ್ ಬುಕ್ ಮಾಡ್ಕೊಂಡು ಬರ್ತೀರ."

ಕರೆದವರು ಇವರೇ ಎಂದು ನೋರಾ ಅವರನ್ನು ತೋರಿಸಿ ತಪ್ಪಿಸಿಕೊಂಡೆ. ಅವಳು ಬಡಿಸಿದ ಬಿಸಿಬೇಳೆಬಾತನ್ನು ನೋರಾ ತಟ್ಟೆಯ ಅಂಚಿನಿಂದ ಶುರುಮಾಡಿ, ಚಮಚದಿಂದ ತಡವುತ್ತ ಪೂರ್ತಿ ಮುಗಿಸಿದರು.

ಮರುದಿನ ಉತ್ಸವದ ಅಂಗಳದಲ್ಲಿ ಪುಸ್ತಕಕ್ಕಿಂತ ಕಾಫಿಗೆ ಉದ್ದನೆಯ ಸಾಲಿತ್ತು. ಬಟ್ಟೆಯ ಚೀಲ ನೇತುಹಾಕಿಕೊಂಡ ಜನ ಒಂದು ಗುಡಾರದಿಂದ ಇನ್ನೊಂದಕ್ಕೆ ಅವಸರದಲ್ಲಿ ಓಡುತ್ತಿದ್ದರು. ಯಾರೋ ನನ್ನನ್ನು ಆಹ್ವಾನಿತ ಲೇಖಕಿಯೆಂದು ತಿಳಿದು ಐರ್ಲೆಂಡಿನ ಯಾವ ಕಡೆಯೆಂದು ಕೇಳಿದರು. ತೆಂಕಣ ಕಡಲತೀರ ಎಂದೆ, ಪೂರ್ತಿ ಸುಳ್ಳೇನಲ್ಲ. ಆದರೆ ಇನ್ನೂರು ಜನ ತುಂಬಿದ್ದ ಸಭಾಂಗಣದಲ್ಲಿ ನೋರಾ ಅವರ ಹೆಸರು ಕರೆದಾಗ ನನ್ನ ತಮಾಷೆಯೆಲ್ಲ ಇಳಿದುಹೋಯಿತು. ಬೆಳಿಗ್ಗೆಯೇ ಬಂದು ನಾಲ್ಕು ಮೆಟ್ಟಿಲು ಎಣಿಸಿಟ್ಟುಕೊಂಡಿದ್ದರು. ನೇರವಾಗಿ ಹತ್ತಿ, ಮೈಕಿನ ಕಂಬವನ್ನು ಕೈಯಿಂದ ಹಿಡಿದು ನಿಂತರು. ಕೈಯಲ್ಲಿ ಹಾಳೆಯಿರಲಿಲ್ಲ.

ಬ್ರೈಡಿ, ನಿನ್ನ ಬೇಸಿಗೆ ನನಗೆ ಚಳಿಗಾಲ ಎಂದರು. ಮತ್ತೊಮ್ಮೆ, ನಿಧಾನವಾಗಿ, ನಿನ್ನ ಬೇಸಿಗೆ ನನಗೆ ಚಳಿಗಾಲ ಎಂದರು. ಐದನೆಯ ಸಾಲಿನಲ್ಲಿ ಎರಡನೆಯ ಸಲ ಮುಗಿದರೂ ಮುಂದಿನದು ಬರಲಿಲ್ಲ. ಅವರು ಅದನ್ನೇ ಮೂರನೆಯ ಸಲ ಹೇಳಿದರು, ಮುಂದಿನದು ಬಂತು. ಹೀಗೆ ಒಂದೊಂದೇ ಸಾಲನ್ನು ಎರಡೆರಡು ಸಲ ದಾಟುತ್ತ ಕೊನೆಗೆ ತಲುಪಿದರು. ಹಾಸಿಗೆ ಹಾಸಿಟ್ಟು ಕಾದೆ ನೀನು, ನಾನು ಬರಲಿಲ್ಲ.

ಅಷ್ಟು ಹೇಳಿ ಸುಮ್ಮನಾದರು. ಮತ್ತೊಂದು ಸಲ ಹೇಳಲೆಂದು ಸಭೆ ಕಾಯಿತು. ಹೇಳಲಿಲ್ಲ. ಆಮೇಲೆ ಬಂದ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ, ಮತ್ತು ಅವರ ಕಣ್ಣಿನ ವಿಷಯ ಆ ಚಪ್ಪಾಳೆ ತಟ್ಟಿದ ಒಬ್ಬರಿಗೂ ಗೊತ್ತಿರಲಿಲ್ಲ. ಅದು ಅಡಗುತ್ತಿದ್ದಂತೆ, ಮರೆತರೇನೋ ಎಂಬ ಭಯಕ್ಕೆ ನನ್ನ ಬಾಯಿಂದ ಇನ್ನೊಮ್ಮೆ ಎಂಬ ಮಾತು ಜೋರಾಗಿಯೇ ಬಿತ್ತು. ನೋರಾ ದನಿ ಬಂದ ಕಡೆ ಮುಖ ತಿರುಗಿಸಿದರು.

"ಇಲ್ಲ ಲವೀನಾ, ಅದು ಒಂದೇ ಸಲ," ಎಂದರು. ಆಮೇಲೆ ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದರು. "ಈಗ ಯಾರಾದರೂ ಬಂದು ನನ್ನ ಕೈ ಹಿಡಿಯಿರಿ. ನನಗೆ ಕಣ್ಣು ಕಾಣುವುದಿಲ್ಲ, ಇಳಿಯುವಾಗ ಮೆಟ್ಟಿಲು ಎಣಿಸಲು ಧೈರ್ಯ ಸಾಲದು."

ನಾನು ಎದ್ದು ಓಡಿದೆ. ನಾನು ತಲುಪುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಏಳೆಂಟು ಜನ ಕೈ ಚಾಚಿ ನಿಂತಿದ್ದರು.