ಪಾಯಿಂಟ್ ತೆಗೆಸಿದ ಮೇಲೆ

ನಮ್ಮ ಲಾರಿ ಈಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಚಳಿಯ ಬೆಳಗ್ಗೆಯೂ ಕೆಮ್ಮುವುದಿಲ್ಲ, ಮಳೆಯ ಮರುದಿನವೂ ಮುನಿಸಿಕೊಳ್ಳುವುದಿಲ್ಲ. ಊರಿನವರು "ಅಂತೂ ನಿನ್ನ ಗಾಡಿಗೆ ಬುದ್ಧಿ ಬಂತು" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಇದು ಅಪ್ಪ ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದ ಪೆಟ್ರೋಲ್ ಲಾರಿ. ವಕ್ಕಲೇರಿಯ ನಮ್ಮ ಹೊಲದಿಂದ ಕೋಲಾರದ ಮಂಡಿಗೆ ಟೊಮೆಟೊ, ಹುರುಳಿಕಾಯಿ ಸಾಗಿಸುವುದು ಅದರ ಕೆಲಸ. ಇಂಜಿನ್ನಿಗೆ ಕಿಡಿ ಹುಟ್ಟಿಸುತ್ತಿದ್ದುದು ಪಾಯಿಂಟ್. ಅಂದರೆ ಎರಡು ಪುಟ್ಟ ಲೋಹದ ಬಿಲ್ಲೆ. ಗಾಡಿ ಓಡುವಷ್ಟು ಹೊತ್ತೂ ಒಂದಕ್ಕೊಂದು ತಾಕುತ್ತ, ಬಿಡುತ್ತ ಇರುತ್ತವೆ. ಹಾಗೆಯೇ ಸುಟ್ಟು ಕಪ್ಪಾಗುತ್ತವೆ. ಆಗ ಅವನ್ನು ಉಜ್ಜಿ, ನಡುವಿನ ಸಂದನ್ನು ಮತ್ತೆ ಸರಿಮಾಡಬೇಕು. ಸಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಡಿ ದಾರಿಯಲ್ಲಿ ಕೈಕೊಡುತ್ತದೆ.

ಈ ಕೆಲಸಕ್ಕೆ ಅಪ್ಪ ತಿಂಗಳಿಗೊಮ್ಮೆ ಮುಳಬಾಗಿಲಿಗೆ ಹೋಗುತ್ತಿದ್ದ. ಕೋಲಾರದಲ್ಲಿ ಮೆಕ್ಯಾನಿಕ್‌ಗಳಿಗೇನು ಬರವೇ? ಅವರನ್ನೆಲ್ಲ ದಾಟಿಕೊಂಡು, ಹೈವೇ ಹಿಡಿದು, ಮುಳಬಾಗಿಲಿನ ಸಾಬರೊಬ್ಬರ ಶೆಡ್ಡಿಗೇ ಹೋಗಬೇಕು. "ಪಾಯಿಂಟ್ ಇಡೋಕೆ ಆ ಕೈನೇ ಆಗ್ಬೇಕು" ಅನ್ನುತ್ತಿದ್ದ. ಅಮ್ಮ "ಹೋಗ್ಬನ್ನಿ, ಹೋಗ್ಬನ್ನಿ, ನಿಮಗೆ ಅದೇ ನೆಂಟರ ಮನೆ" ಎಂದು ಛೇಡಿಸುತ್ತಿದ್ದಳು.

ಆ ಸಾಬರನ್ನು ನಾನು ಚಾಚಾ ಅನ್ನುವುದು. ಅವರು ಸಂದು ಅಳೆಯುತ್ತಿದ್ದುದು ಮದುವೆ ಕಾರ್ಡಿನ ಚೂರಿನಿಂದ. ಅಳೆಯುವ ಗೇಜು ಡಬ್ಬಿಯಲ್ಲೇ ಇತ್ತು, ಮುಟ್ಟುತ್ತಿರಲಿಲ್ಲ. ಹಾಗಾಗಿ ಮನೆಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಅಪ್ಪ ಲಾರಿಯ ಸೀಟಿನ ಹಿಂದೆ ಕೂಡಿಡುತ್ತಿದ್ದ. ಮುಹೂರ್ತ ಎಷ್ಟು ಹೊತ್ತಿಗೆ ಎಂದು ಅಮ್ಮ ಲಾರಿ ಹತ್ತಿ ಹುಡುಕಬೇಕಾಗುತ್ತಿತ್ತು. ಚಾಚಾ ಒಂದೊಂದನ್ನೂ ಬೆರಳಲ್ಲಿ ಬಗ್ಗಿಸಿ ನೋಡುತ್ತಿದ್ದರು. ತೆಳ್ಳಗಿದ್ದರೆ ಹೆಣ್ಣಿನ ಕಡೆಯವರ ಜಿಪುಣತನವನ್ನು ಇಬ್ಬರೂ ಸೇರಿ ಬೈಯುತ್ತಿದ್ದರು. ಅಪ್ಪನ ಮನೆಮಾತು ಕನ್ನಡ, ಚಾಚಾರದು ದಖನಿ, ಬೈಗುಳ ಮಾತ್ರ ತೆಲುಗಿನಲ್ಲಿ. ಕಾಲು ಗಂಟೆಯ ಕೆಲಸ ಸಂಜೆಯವರೆಗೆ ಎಳೆಯುತ್ತಿತ್ತು. ಆದರೂ ಕೊನೆಯವರೆಗೆ "ಗೌಡ್ರೇ", "ಸಾಬ್ರೇ" ಎಂದೇ ಇದ್ದರು, ಒಂದು ಸಲವೂ ಏಕವಚನಕ್ಕೆ ಇಳಿಯಲಿಲ್ಲ.

ಅಪ್ಪ ಹೋದ ಮೇಲೆ ಸ್ಟೇರಿಂಗ್ ನನ್ನ ಕೈಗೆ ಬಂತು, ಮುಳಬಾಗಿಲಿನ ದಾರಿಯೂ ಬಂತು. ನಿಜ ಹೇಳುತ್ತೇನೆ, ಪಾಯಿಂಟ್ ಸರಿಯಾಗಿದ್ದಾಗಲೂ ಕೆಟ್ಟಿದೆ ಎಂದು ಸುಳ್ಳು ಹೇಳಿಕೊಂಡು ಹೋಗಿದ್ದೇನೆ. ಅಪ್ಪನ ಬಗ್ಗೆ ನನಗೆ ಗೊತ್ತಿಲ್ಲದ್ದನ್ನು ಹೇಳುವವರು ಉಳಿದಿದ್ದುದು ಚಾಚಾ ಒಬ್ಬರೇ. ನಾನು ಹುಟ್ಟಿದ ದಿನ ಅಪ್ಪ ಹಾರನ್ ಒತ್ತಿಕೊಂಡೇ ಮುಳಬಾಗಿಲಿನ ಪೇಟೆಯೊಳಗೆ ಬಂದಿದ್ದನಂತೆ. ಮನೆಯಲ್ಲಿ ಅಪ್ಪ ನಮ್ಮನ್ನು ಒಂದು ಸಲವೂ ಹೊಗಳಿದವನಲ್ಲ. ಆ ಹಾರನ್ನಿನ ಕತೆಯನ್ನು ನಾನು ಮೂರು ಸಲ ಹೇಳಿಸಿಕೊಂಡಿದ್ದೇನೆ.

ನಾಲ್ಕು ತಿಂಗಳ ಹಿಂದೆ ಹುತ್ತೂರಿಗೆ ಹಿಪ್ಪುನೇರಳೆ ಸಸಿ ತರಲು ಹೊರಟವಳು ನಡುದಾರಿಯಲ್ಲಿ ನಿಂತೆ. ಪಾಯಿಂಟ್ ಇಟ್ಟು ಎಂಟು ದಿನವೂ ಆಗಿರಲಿಲ್ಲ. ಯಾರ ಯಾರದೋ ಕೈಕಾಲು ಹಿಡಿದು ಗಾಡಿಯನ್ನು ಮುಳಬಾಗಿಲಿಗೆ ಮುಟ್ಟಿಸಿದೆ. ಚಾಚಾ ಮುಚ್ಚಳ ತೆಗೆದು, ಟಾರ್ಚು ಹಾಕಿ, ಮುಖವನ್ನು ಇಂಜಿನ್ನಿಗೇ ತಾಗಿಸಿಕೊಂಡು ನೋಡಿದರು.

"ಯಾರಮ್ಮ ಇಟ್ಟಿದ್ದು ಇದನ್ನ? ಕಣ್ಣು ಕಾಣಲ್ವಾ ಅವನಿಗೆ?"

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಇಟ್ಟ ಕೈ ತಮ್ಮದೇ ಎಂದು ಅವರಿಗೇ ಅರ್ಥವಾಯಿತು. ಟಾರ್ಚು ಆರಿಸಿ, ಸ್ಟೂಲಿನ ಮೇಲೆ ಕೂತರು.

"ಎಲೆಕ್ಟ್ರಾನಿಕ್ ಹಾಕ್ಬಿಡ್ತೀನಿ" ಅಂದರು.

"ಬೇಡ ಚಾಚಾ. ಹಳೇ ಗಾಡಿ, ಹಳೇದೇ ಇರ್ಲಿ." ನನಗೆ ಸಿಟ್ಟು ಬಂದಿತ್ತು.

"ನನ್ನ ಕಣ್ಣು ನಂಬ್ಕೊಂಡು ನೀನು ರೋಡಲ್ಲಿ ನಿಲ್ಬೇಡ, ಬೇಟಿ."

ಸಾಮಾನು ತರಿಸಿ, ಮರುವಾರವೇ ಹಾಕಿದರು. ಪಾಯಿಂಟ್ ಇದ್ದ ಜಾಗಕ್ಕೆ ಹೆಬ್ಬೆರಳಿನಷ್ಟು ಕಪ್ಪು ಡಬ್ಬಿ, ತಿರುಗುವ ಕಡ್ಡಿಗೆ ಆಯಸ್ಕಾಂತದ ಬಳೆ, ಎರಡು ವೈರು, ಅಷ್ಟೇ. ಕೈಯಲ್ಲಿ ತಡವಿಕೊಂಡೇ ಮುಗಿಸಿದರು. "ಇದ್ರಲ್ಲಿ ಯಾವ್ದೂ ಯಾವ್ದನ್ನೂ ಮುಟ್ಟಲ್ಲ. ಅದಕ್ಕೇ ಸವೆಯಲ್ಲ" ಅಂದರು. ಮುಚ್ಚಳ ಹಾಕುತ್ತ, ನನ್ನ ಕಡೆ ನೋಡದೆ, ಇನ್ನೊಂದು ಮಾತು ಹೇಳಿದರು. "ನಿಮ್ಮಪ್ಪ ಇದ್ದಾಗ್ಲೇ ಇದು ಬಂದಿತ್ತಮ್ಮ. ತಂದೂ ಇಟ್ಟಿದ್ದೆ. 'ಇದು ಹಾಕ್ಬಿಟ್ರೆ ನಾನು ಇಲ್ಲಿಗೆ ಯಾಕೆ ಬರ್ಲಿ ಸಾಬ್ರೇ' ಅಂದ್ರು. ಅಂಗಡಿಗೆ ವಾಪಸ್ ಕೊಟ್ಬಿಟ್ಟೆ."

ಆ ದಿನ ಇಂಜಿನ್ ಒಂದೇ ಸಮ ಓಡಿತು. ಕೋಲಾರ ದಾಟುವವರೆಗೆ ಅಳುತ್ತಲೇ ಗಾಡಿ ಹೊಡೆದೆ.

ಆಮೇಲೆ ಮೂರು ತಿಂಗಳು ಲಾರಿ ಒಂದು ದಿನವೂ ಕೈಕೊಡಲಿಲ್ಲ. ಬ್ರೇಕು ಸರಿ ಇಲ್ಲವೇನೋ, ವೈಪರ್ ಎಳೆಯುತ್ತಿದೆಯೇನೋ ಎಂದು ದಿನಾ ಹುಡುಕಿದೆ. ದರಿದ್ರದ ಗಾಡಿ, ಎಲ್ಲವೂ ಸರಿಯಾಗಿತ್ತು. ಕೊನೆಗೆ ಹೋದ ವಾರ, ಮಂಡಿಯಲ್ಲಿ ಟೊಮೆಟೊ ಇಳಿಸಿದವಳು ವಕ್ಕಲೇರಿಗೆ ತಿರುಗದೆ ನೆಟ್ಟಗೆ ಮುಳಬಾಗಿಲಿಗೆ ಬಿಟ್ಟೆ.

ಚಾಚಾ ಶೆಡ್ಡಿನಿಂದ ಆಚೆ ಬಂದರು. "ಏನಾಯ್ತು ಗಾಡಿಗೆ?"

"ಏನೂ ಆಗಿಲ್ಲ ಚಾಚಾ. ಸುಮ್ನೆ ಬಂದೆ."

ನಂಬಲಿಲ್ಲ. ಬಾನೆಟ್ ಎತ್ತಿಸಿದರು, ಸ್ಟಾರ್ಟ್ ಮಾಡಿಸಿದರು, ತಲೆ ಬಗ್ಗಿಸಿ ಕೇಳಿದರು. ಬಹಳ ಹೊತ್ತು ಕೇಳಿ, ಆಫ್ ಮಾಡಲು ಕೈ ಸನ್ನೆ ಮಾಡಿದರು. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತರು.

"ಹಿಂಗೆ ಸುಮ್ನೆ ಬರಬಹುದಿತ್ತು, ಅಲ್ವಾ?" ಅಂದರು. "ಮೂವತ್ತು ವರ್ಷ, ನಿಮ್ಮಪ್ಪ ಒಂದ್ಸಲಾನೂ ಸುಮ್ನೆ ಬರ್ಲಿಲ್ಲ. ನಾನು ವಕ್ಕಲೇರಿ ನೋಡಿದ್ದೇ ಅವರ ಮಣ್ಣಿಗೆ ಬಂದಾಗ."