ಎರಡನೇ ಸಾರಿಯ ಕೂಗು

ನಮ್ಮೂರಿನ ನಗರಸಭೆಯಲ್ಲಿ ಹರಾಜು ಕೂಗುತ್ತಿದ್ದ ಜವಾನನ ಮುಖ ನನಗೀಗ ಸರಿಯಾಗಿ ನೆನಪಿಲ್ಲ. ಕೂಗುವಾಗ ಕಿವಿಗೆ ಒತ್ತಿ ಹಿಡಿಯುತ್ತಿದ್ದ ಅಂಗೈ ಮಾತ್ರ ನೆನಪಿದೆ. ಯಾರು ಅವಸರಪಡಿಸಿದರೂ ಅವನದು ಒಂದೇ ಮಾತು: "ತಡೀರಿ ಸಾ, ಊರಿನ ಆಸ್ತಿ."

ಅವತ್ತು ಪೇಟೆ ಬೀದಿಯ ಪಾರ್ಕಿಂಗ್ ಶುಲ್ಕ ವಸೂಲಿಯ ಹರಾಜು. ಅಲ್ಲೇ ಸೈಕಲ್ ಸ್ಟ್ಯಾಂಡ್ ನಡೆಸುತ್ತಿದ್ದ ಹೆಂಗಸೊಬ್ಬಳು ಠೇವಣಿ ಕಟ್ಟಿದ್ದಳು. ಆದರೆ ಅವಳು ಬರಬೇಕಿದ್ದ ಕಾಮಗೆರೆ ಬಸ್ಸು ಇನ್ನೂ ಬಂದಿರಲಿಲ್ಲ. ಹರಾಜು ತಪ್ಪಿದರೆ ಅವಳ ಜಾಗವೂ ಹೋಗುತ್ತಿತ್ತು. ಗುತ್ತಿಗೆದಾರನೊಬ್ಬ ಸವಾಲು ಕೂಗಿ, ಎದುರಾಳಿಯಿಲ್ಲದೆ ನಗುತ್ತ ಕೂತಿದ್ದ.

"ಒಂದು ಸಾರಿ!" ಎಂದ ಜವಾನ. ಆಮೇಲೆ "ಎರಡೂಊಊ..." ಎಂದು ಎಳೆಯತೊಡಗಿದ.

"ಲೇ, ಮುಗ್ಸ್ಲಾ!" ಎಂದ ಗುತ್ತಿಗೆದಾರ.

ಜವಾನ ಉಸಿರೆಳೆದುಕೊಂಡು ಮತ್ತೆ ಎಳೆದ. ಹರಾಜು ನೋಡಲು ಬಂದಿದ್ದ ನಾವೆಲ್ಲ ಎದ್ದು ನಿಂತಿದ್ದೆವು. ಐದು ನಿಮಿಷ ಎಳೆದನೆಂದು ನಾನು ಹೇಳುತ್ತ ಬಂದಿದ್ದೇನೆ. ಅರ್ಧ ನಿಮಿಷವೇ ಇದ್ದೀತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿಬಂದ ಅವಳು ಬಾಗಿಲಿಂದಲೇ ಕಿರುಚಿದಳು: "ಅವ್ರಿಗಿಂತ ಒಂದ್ ಸಾವ್ರ ಜಾಸ್ತಿ ನಂದು!"

ಗುತ್ತಿಗೆದಾರ ಏರಿಸಿದ, ಅವಳೂ ಏರಿಸಿದಳು. ಕೊನೆಗೆ ಅವನೇ ಸೋತು ಎದ್ದುಹೋದ.

"ಎರಡನೇ ಸಾರಿ ಕೂಗೋಕೆ ಇಷ್ಟೊತ್ತೇನಯ್ಯಾ?" ಎಂದು ಹರಾಜು ನಡೆಸುತ್ತಿದ್ದ ಅಧಿಕಾರಿ ಗದರಿದರು.

"ಮೂರ್ ಸಾರಿ ಕೂಗ್ಬೇಕು ಅಂತ ರೂಲ್ಸ್ ಅದ ಸಾ," ಎಂದ ಜವಾನ. "ಎಷ್ಟ್ ಬಿರ್ರನೆ ಕೂಗ್ಬೇಕು ಅಂತ ಎಲ್ಲೂ ಇಲ್ವಲ್ಲಾ."