ಫ್ಲಾಪಿಗೆ ಹಚ್ಚಿದ ಕುಂಕುಮ

೧೯೭೪ರಲ್ಲಿ, ಏಳನೇ ಇಯತ್ತೆಗೆ ನನ್ನ ಓದು ನಿಂತಿತು. ಯಾರ ಹಂಗೂ ಇಲ್ಲದೆ ದುಡಿದು ಮುಂಬೈಯ ಬೊರಿವಲಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟೆ. ೧೯೯೧ರಲ್ಲಿ, ನಾನೇ ಕಲಿಯಬೇಕೆಂಬ ಆಸೆಗೆ, ಹಳೆಯದೊಂದು ಕಂಪ್ಯೂಟರ್ ಕೊಂಡೆ. ಇಂಗ್ಲಿಷ್ ಪಾಠಗಳೆಲ್ಲ ಒಂದೇ ಫ್ಲಾಪಿಯಲ್ಲಿದ್ದವು. ದಸರೆಯ ಮರುದಿನ ಕಂಪ್ಯೂಟರ್ ಅದನ್ನು ಓದಲೇ ಇಲ್ಲ.

ಮೆಕ್ಯಾನಿಕ್ ಫ್ಲಾಪಿಯನ್ನು ಹೊರಗೆಳೆದು, "ಸೇಠ್, ಯೇ ಕ್ಯಾ ಲಗಾಯಾ?" ಎಂದು, ಏನು ಹಚ್ಚಿದ್ದೀರೆಂದು ಕೇಳಿದ. ಅದರ ಕಿಂಡಿಯಲ್ಲಿ ಕುಂಕುಮ ಮೆತ್ತಿತ್ತು. ಎಷ್ಟು ಒರೆಸಿದರೂ ಪಾಠ ತೆರೆಯಲಿಲ್ಲ.

ಸಿಟ್ಟಿನಿಂದ ಹೆಂಡತಿಯ ಕಡೆ ತಿರುಗಿದೆ.

"ದಸರಾದಾಗ ಖಂಡೇಪೂಜಿಗೆ ಆಯುಧಕ್ಕ, ಪುಸ್ತಕಕ್ಕ ಹಚ್ಚತೀವಲ್ರೀ, ಹಂಗ ಇದಕ್ಕೂ ಹಚ್ಚೇನಿ. 'ನನ್ನ ಸಾಲಿ ಇದರಾಗ ಐತಿ' ಅಂತ ನೀವೇ ಅಂದಿದ್ರಲ್ಲ?" ಎಂದಳು.

ಫ್ಲಾಪಿಯನ್ನು ಎಸೆಯದೆ ಎತ್ತಿಟ್ಟೆ. ಈಗ ನನ್ನ ಬಳಿ ಅಂಗಡಿ ಒಂದು, ಕಂಪ್ಯೂಟರ್ ಎರಡು, ಕುಂಕುಮದ ಆ ಫ್ಲಾಪಿ ಒಂದು. ಸರ್ಟಿಫಿಕೇಟ್ ಒಂದೂ ಇಲ್ಲ.